ಘೋಸ್ಟ್ ಆಫ್ ತ್ಸುಶಿಮಾ: ವಿಷ ಹಾಕಿದ್ದು ಜಿನ್, ಆದರೆ ದಾರಿ ತಪ್ಪಿದ್ದು ಶಿಮುರಾ ಅಲ್ವಾ?

ಕಡಂಗದಂಚು

ಆಟ ಮುಗಿಸದವರು ಇಲ್ಲಿಗೇ ನಿಲ್ಲಿ. ಕೊನೆಯವರೆಗಿನ ಕಥೆ ಕೆಳಗಿದೆ.

ಈ ಮಳೆಗಾಲದಲ್ಲಿ ಗುಂಪಿನ ತುಂಬಾ ಜನ ಈ ವಿಡಿಯೋ ಗೇಮ್ ಶುರು ಮಾಡಿದ್ದೀರಿ. ಜಪಾನಿನ ತ್ಸುಶಿಮಾ ದ್ವೀಪಕ್ಕೆ ಮಂಗೋಲರು ನುಗ್ಗಿದಾಗ ಜಿನ್ ಅನ್ನುವ ಸಮುರಾಯ್ (ಯೋಧ) ಹೋರಾಡುವ ಕಥೆ ಇದು. 2020ರಲ್ಲಿ ಪಿಎಸ್4 (ಪ್ಲೇಸ್ಟೇಷನ್) ಕನ್ಸೋಲ್‌ಗೆ ಬಂದಿತ್ತು, 2024ರಲ್ಲಿ ಪಿಸಿಗೂ ಬಂತು. ಹಾಗಾಗಿ ಹೊಸಬರು ಜಾಸ್ತಿ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಜಿನ್ ಸಕಾಯಿ ಮಂಗೋಲರಿಗೆ ವಿಷ ಹಾಕಿದ್ದು ಸರಿಯಾ? ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಅವನನ್ನು ಅಲ್ಲಿಯವರೆಗೆ ದೂಡಿದವರು ಯಾರು? ಅವನ ಸೋದರಮಾವ, ದ್ವೀಪದ ಒಡೆಯ ಶಿಮುರಾ.

ಕೊಮೋಡಾ ಕಡಲತೀರದಿಂದ ನೋಡಿ. ವರ್ಷ 1274. ಮಂಗೋಲರ ಹಡಗುಗಳು ಬಂದು ನಿಂತಿವೆ. ಶಿಮುರಾ ಹತ್ತಿರ ಇರುವುದು 80 ಸಮುರಾಯ್‌ಗಳು. ಅವರು ಗುಡ್ಡದ ಮೇಲೆ, ಕೆಳಗೆ ಬರೀ ಮರಳು. ಮೊದಲು ಅದಾಚಿ ಅನ್ನುವ ಸಮುರಾಯ್ ಒಬ್ಬನೇ ಕುದುರೆ ಇಳಿಸಿ ಹೋಗಿ, ತನ್ನ ಹೆಸರು ಹೇಳಿ ಒಂಟಿ ಕಾಳಗಕ್ಕೆ ಕರೆಯುತ್ತಾನೆ. ಮಂಗೋಲರ ನಾಯಕ ಖೋತುನ್ ಖಾನ್ ಅವನ ಮೇಲೆ ಮದ್ಯ ಎರಚಿ, ಬೆಂಕಿ ಹಚ್ಚಿ, ತಲೆ ಕಡಿಯುತ್ತಾನೆ. ಎದುರಿಗೆ ನಿಂತವನು ಸಮುರಾಯ್‌ಗಳ ನಿಯಮಕ್ಕೆ ಬಗ್ಗುವವನಲ್ಲ ಅಂತ ಎಲ್ಲರ ಕಣ್ಣೆದುರೇ ಗೊತ್ತಾಯಿತು. ಆಮೇಲೂ ಶಿಮುರಾ ಎಲ್ಲರನ್ನೂ ಇಳಿಸಿ ನುಗ್ಗಿಸುತ್ತಾನೆ. ಜಿನ್ ಮತ್ತು ಅವನ ಮಾವ ಬಿಟ್ಟರೆ ಆ ಸೈನ್ಯದಲ್ಲಿ ಹೆಚ್ಚು ಕಡಿಮೆ ಯಾರೂ ಉಳಿಯುವುದಿಲ್ಲ. ಮಾವ ಖಾನ್ ಕೈಗೆ ಸೆರೆ ಸಿಗುತ್ತಾನೆ.

ನಮ್ಮ ಕೊಡಗಿನ ಕಡೆ ತೋಟಗಳ ನಡುವೆ, ಕಾಡಿನೊಳಗೆ ಹಳೆಯ ಕಡಂಗಗಳು ಈಗಲೂ ಕಾಣುತ್ತವೆ. ಸಂಖ್ಯೆಯಲ್ಲಿ ದೊಡ್ಡ ಸೈನ್ಯ ಬಂದಾಗ ಬಯಲಿಗೆ ಇಳಿಯಬಾರದು, ಅವರನ್ನೇ ಇಕ್ಕಟ್ಟಿನ ದಾರಿಗೆ ಎಳೆಯಬೇಕು ಅಂತ ತಿಳಿದವರು ತೋಡಿದ ಕಂದಕಗಳು ಅವು. ಆ ಜನರನ್ನು ಯಾರಾದರೂ ಹೇಡಿಗಳು ಅಂದಿದ್ದಾರಾ? ಶಿಮುರಾಗೆ ಗುಡ್ಡ ಇತ್ತು, ಕಾಡು ಇತ್ತು, ದ್ವೀಪದ ಪ್ರತಿ ಕಾಲುದಾರಿಯ ಪರಿಚಯ ಇತ್ತು. ಅದೆಲ್ಲ ಬಿಟ್ಟು ಮರಳಿಗೆ ಇಳಿದ. ನನ್ನ ಮಟ್ಟಿಗೆ ಕಥೆಯ ಎಲ್ಲ ಅನಾಹುತಕ್ಕೂ ಬೇರು ಅಲ್ಲಿದೆ. ನೀವು ಏನಂತೀರಿ?

ಮಂಜಿನ ಮಡಿಕೇರಿ

ಅಣ್ಣಾ, ಕೊಮೋಡಾ ವಿಷಯದಲ್ಲಿ ನಾನು ಶಿಮುರಾ ಕಡೆ.

ಹಡಗಿನಿಂದ ಇಳಿಯುತ್ತಿರುವ ಸೈನ್ಯವನ್ನು ತೀರದಲ್ಲೇ ಹೊಡೆಯಬೇಕು ಅನ್ನುವುದು ಹಳೆಯ ಯುದ್ಧನೀತಿ. ಇಳಿಯುವಾಗ ಅವರು ಚದುರಿರುತ್ತಾರೆ, ಕುದುರೆಗಳು ಇನ್ನೂ ಹಡಗಿನಲ್ಲಿರುತ್ತವೆ. ಒಮ್ಮೆ ಒಳನಾಡಿಗೆ ಬಂದು ಬಿಡಾರ ಹೂಡಿದರೆ ಕಥೆ ಮುಗಿಯಿತು. ಗುಡ್ಡದಲ್ಲಿ ಕಾದು ಕೂತರೆ ಖಾನ್ ಗುಡ್ಡ ಹತ್ತಿ ಬರಲೇಬೇಕು ಅಂತ ಏನಿಲ್ಲ. ಪಕ್ಕದ ಹಳ್ಳಿ ಸುಡುತ್ತಾನೆ. ಆಗ ಶಿಮುರಾ ಏನು ಮಾಡಬೇಕಿತ್ತು? ಕಾಡಿನಿಂದ ಹೊಗೆ ನೋಡುತ್ತಾ ಇರಬೇಕಿತ್ತಾ?

ಇನ್ನೊಂದು ಮಾತು. ಇದು ಆಟದವರು ಸುಮ್ನೆ ಕಟ್ಟಿದ ದೃಶ್ಯ ಅಲ್ಲ. 1274ರಲ್ಲಿ ನಿಜವಾಗಿಯೂ ತ್ಸುಶಿಮಾದ ಅಧಿಕಾರಿ ಸೋ ಸುಕೆಕುನಿ ಸುಮಾರು 80 ಸವಾರರೊಂದಿಗೆ ಆ ತೀರದಲ್ಲಿ ಎದುರಾಗಿ ಸತ್ತ. ಜಿನ್, ಶಿಮುರಾ, ಖೋತುನ್ ಖಾನ್ ಕಟ್ಟುಕಥೆ. ಆ 80 ಅಲ್ಲ. ದ್ವೀಪ ಮಂಗೋಲರ ಕೈಗೆ ಹೋಯಿತು, ಆಮೇಲೆ ಪಕ್ಕದ ಇಕಿ ದ್ವೀಪ, ಆಮೇಲೆ ಹಕಾಟಾ ಕೊಲ್ಲಿ. ಬರೆದವರು ಆ ಸಾವಿನಿಂದಲೇ ಶುರು ಮಾಡಬೇಕಿತ್ತು. ಅದನ್ನು ಶಿಮುರಾನ ದಡ್ಡತನ ಅಂತ ಓದಿದರೆ ನಿಜವಾಗಿ ಸತ್ತವರಿಗೂ ಅನ್ಯಾಯ ಆಗುತ್ತದೆ ಅನ್ನಿಸುತ್ತದೆ ನನಗೆ.

ಕಡಂಗದಂಚು

ತೀರದಲ್ಲಿ ತಡೆಯುವುದು ಒಪ್ಪುವ ಮಾತು. ಆದರೆ ತಡೆಯಲು ಬಂದವನು ಮೊದಲು ಒಬ್ಬನನ್ನೇ ಕಳಿಸಿ, ಅವನ ಸಾವು ಮುಗಿಯುವವರೆಗೆ ಕಾಯುತ್ತಾನಾ? ಇಳಿಯುವ ಸೈನ್ಯಕ್ಕೆ ಸಾಲು ಕಟ್ಟಿಕೊಳ್ಳಲು ಸಮಯ ಕೊಟ್ಟಿದ್ದೇ ಅದು. ಬಿಲ್ಲುಗಾರರಿಗೆ ಗುಡ್ಡದ ಎತ್ತರ ಇತ್ತು. ಬಾಣ ಬಿಡಿಸಿ ಆಮೇಲೆ ನುಗ್ಗಬಹುದಿತ್ತು.

ಖಾನ್ ಇದನ್ನು ಮೊದಲೇ ಲೆಕ್ಕ ಹಾಕಿದ್ದ. ಅವನು ಬರುವ ಮುಂಚೆಯೇ ಸಮುರಾಯ್‌ಗಳ ಭಾಷೆ, ಪದ್ಧತಿ, ನಂಬಿಕೆ ಎಲ್ಲ ಕಲಿತು ಬಂದವನು. ಅದಾಚಿ ಹೆಸರು ಹೇಳಿಕೊಂಡು ಬರುತ್ತಾನೆ ಅಂತ ಅವನಿಗೆ ಗೊತ್ತಿತ್ತು. ಆಕ್ಷನ್ ಆಟಗಳಲ್ಲಿ ಖಳನಾಯಕ ಬರೀ ಕೂಗಾಡುವುದು ನೋಡಿ ಬೇಸತ್ತಿದ್ದೇನೆ. ಇವನು ಓದಿಕೊಂಡು ಬಂದ ಖಳನಾಯಕ. ಅದಕ್ಕೇ ಈ ಕಥೆ ನನಗೆ ಇಷ್ಟ.

ಸುಬೇದಾರರ ಮಗಳು

ನಮ್ಮಪ್ಪ ಸೇನೆಯಿಂದ ನಿವೃತ್ತರಾದವರು. ನಾನು ಆಡುವಾಗ ಪಕ್ಕದಲ್ಲಿ ಕೂತು ಇಡೀ ಕಥೆ ನೋಡಿದ್ದಾರೆ. ಕೊಮೋಡಾ ಬಗ್ಗೆ ಅವರಿಗೆ ಹೆಚ್ಚು ತಕರಾರಿಲ್ಲ. ಮೊದಲ ದಿನ ಎದುರಾಳಿ ಹೇಗೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಅಂತಾರೆ. ಅವರಿಗೆ ತಡೆಯಲಾರದಷ್ಟು ಸಿಟ್ಟು ಬಂದಿದ್ದು, ಮಾವ ಬಿಡುಗಡೆಯಾದ ಮೇಲೆ ಮಂಗೋಲರ ಕೈಲಿದ್ದ ಶಿಮುರಾ ಕೋಟೆಯ ಸೇತುವೆ ಹತ್ತಿರ.

ನೆನಪು ಮಾಡಿಕೊಳ್ಳಿ. ಕೋಟೆಗೆ ಹೋಗುವ ಸೇತುವೆ ಮೇಲೆ ಸೈನಿಕರನ್ನು ನುಗ್ಗಿಸುತ್ತಾರೆ. ಮಂಗೋಲರು ಸೇತುವೆಯನ್ನೇ ಸಿಡಿಸುತ್ತಾರೆ. ಎಷ್ಟೊಂದು ಜನ ಅಲ್ಲೇ ಸಾಯುತ್ತಾರೆ. ಆ ಸಂಜೆ ಶಿಮುರಾ ಏನು ಹೇಳುತ್ತಾನೆ? ಸೇತುವೆ ಸರಿಮಾಡಿ ಮತ್ತೆ ನುಗ್ಗೋಣ ಅಂತ. ಅದೇ ಬಾಗಿಲು, ಅದೇ ದಾರಿ. ಖಾನ್ ಹೇಗಿದ್ದಾನೆ ಅಂತ ಈಗ ಅವನಿಗೆ ಚೆನ್ನಾಗಿಯೇ ಗೊತ್ತು. ಸೆರೆಯಲ್ಲಿ ಅವನ ಜೊತೆ ಮಾತಾಡಿ ಬಂದವನು ಅವನು.

ಅಪ್ಪ ಆಗ ಜನರಲ್ ತಿಮ್ಮಯ್ಯನವರ ವಿಷಯ ತೆಗೆದರು. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಲಡಾಖ್ ದಾರಿಯ ಜೋಜಿ ಲಾ ಕಣಿವೆಯಲ್ಲಿ ಮೊದಲು ಕಾಲ್ದಳದ ದಾಳಿಗಳು ವಿಫಲ ಆಗಿದ್ದವು. ತಿಮ್ಮಯ್ಯನವರು ಅದನ್ನೇ ಇನ್ನೊಮ್ಮೆ ಮಾಡಿಸಲಿಲ್ಲ. ಗುಟ್ಟಾಗಿ ಟ್ಯಾಂಕ್‌ಗಳನ್ನು ಮೇಲಕ್ಕೆ ಸಾಗಿಸಿದರು. ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದಲ್ಲಿ, ಯಾರೂ ನಿರೀಕ್ಷೆ ಮಾಡದ ಜಾಗದಲ್ಲಿ ಟ್ಯಾಂಕ್‌ಗಳು ಕಾಣಿಸಿಕೊಂಡವು. ಕಣಿವೆ ಕೈಗೆ ಬಂತು. ಎದುರಾಳಿಗೆ ತಿಳಿಯದಂತೆ ಬಂದಿದ್ದಕ್ಕೆ ಅವರ ಗೌರವ ಕಡಿಮೆ ಆಯಿತಾ? ಮಡಿಕೇರಿಯಲ್ಲಿ ಅವರ ಮನೆ ಈಗ ಮ್ಯೂಸಿಯಂ ಆಗಿದೆ, ಹೋಗಿ ನೋಡಿ.

ತನ್ನ ಕೈಕೆಳಗಿನವರ ಪ್ರಾಣ ಉಳಿಸಲು ದಾರಿ ಹುಡುಕುವುದು ಅಧಿಕಾರಿಯ ಮೊದಲ ಕೆಲಸ ಅನ್ನುವುದು ಅಪ್ಪನ ಮಾತು. ಶಿಮುರಾ ಆ ಕೆಲಸವನ್ನು ಅಳಿಯನಿಗೆ ಬಿಟ್ಟ. ಅಳಿಯ ಮಾಡಿದ ಮೇಲೆ ಬೈದ.

ಸಿದ್ದಾಪುರ ರಾತ್ರಿಪಾಳಿ

ಎಲ್ಲರೂ ಮಾವನನ್ನು ಹಿಡಿದುಕೊಂಡು ಜಿನ್‌ನನ್ನು ಬಿಟ್ಟುಬಿಟ್ಟಿದ್ದೀರಿ. ಅದು ಬೇಡ.

ರಾತ್ರಿ ನುಸುಳುವುದು, ಹಿಂದಿನಿಂದ ಬಂದು ಕೊಲ್ಲುವುದು, ಇದೆಲ್ಲ ನನಗೂ ಸರಿಯೇ. ಗುಟ್ಟಾಗಿ ಟ್ಯಾಂಕ್ ತರುವುದಕ್ಕೂ ವಿಷಕ್ಕೂ ಮಾತ್ರ ತುಂಬಾ ಅಂತರ ಇದೆ. ಕೊಂದ ಕತ್ತಿ ಮತ್ತೆ ಒರೆಗೆ ಬರುತ್ತದೆ. ವಿಷ ಒಮ್ಮೆ ಕೈಬಿಟ್ಟರೆ ಅದರ ಗುಟ್ಟು ಎದುರಾಳಿಯ ಕೈಗೂ ಹೋಗುತ್ತದೆ. ಕಥೆಯಲ್ಲಿ ಹಾಗೇ ಆಯಿತು ತಾನೆ? ಮೂರನೇ ಭಾಗದಲ್ಲಿ ಖಾನ್ ಅದೇ ವಿಷ ಮಾಡಿಸಿ ದ್ವೀಪದ ಜನರ ಮೇಲೆ ಬಳಸುತ್ತಾನೆ. ಸತ್ತವರು ಸಮುರಾಯ್‌ಗಳಲ್ಲ, ರೈತರು. ಯಾರನ್ನು ಉಳಿಸಲು ಜಿನ್ ಎಲ್ಲ ನಿಯಮ ಮುರಿದನೋ ಅವರೇ.

ಯುರಿಕೋ ಪಾತ್ರ ನೆನಪಿದೆಯಾ? ಜಿನ್‌ನನ್ನು ಚಿಕ್ಕಂದಿನಿಂದ ಸಾಕಿದ ಅಜ್ಜಿ. ವಿಷದ ಗಿಡ ಯಾವುದು, ಹೇಗೆ ತೆಗೆಯಬೇಕು ಅಂತ ಅವಳೇ ಕಲಿಸುವುದು. ಆ ಕಲಿಕೆ ಒಂದು ಮನೆಯೊಳಗಿನ ನಂಬಿಕೆ. ಅದನ್ನು ಅವನು ಶಿಮುರಾ ಕೋಟೆಯಲ್ಲಿ ಮಂಗೋಲರು ಕುಡಿಯುವ ಹಾಲಿಗೆ ಬೆರೆಸುತ್ತಾನೆ. ಕೋಟೆಯೊಳಗೆ ಹೋಗುವಾಗ ರಕ್ತ ಕಾರುತ್ತಾ ಬಿದ್ದಿರುವವರ ನಡುವೆ ನಾವೇ ನಡೆಯಬೇಕು. ಆ ದೃಶ್ಯದಲ್ಲಿ ನನಗೆ ಗೆದ್ದ ಭಾವನೆ ಸ್ವಲ್ಪವೂ ಬರಲಿಲ್ಲ. ಬರೆದವರಿಗೂ ಅದೇ ಬೇಕಿತ್ತು ಅಂತ ನಂಬುತ್ತೇನೆ.

ಕುಶಾಲನಗರ ಕನ್ಸೋಲ್

ನನ್ನ ತಕರಾರು ಪಾತ್ರಗಳ ಮೇಲಲ್ಲ, ಆಟ ಕಟ್ಟಿದ ರೀತಿಯ ಮೇಲೆ.

ನಾನು ಮೊದಲ ಸಲ ಆಡುವಾಗ ಸಾಧ್ಯ ಆದ ಕಡೆಯೆಲ್ಲ ಎದುರು ನಿಂತೇ ಹೋರಾಡಿದೆ. ಪ್ರತಿ ಬಿಡಾರದ ಮುಂದೆ ಸವಾಲು ಹಾಕಿ, ಕತ್ತಿ ಹಿರಿದು, ಶಿಲೆ, ನೀರು, ಗಾಳಿ, ಚಂದ್ರ ಅಂತ ನಾಲ್ಕು ನಿಲುವು ಬದಲಿಸಿ ಗೆದ್ದೆ. ಹೊಗೆ ಬಾಂಬ್ ಮುಟ್ಟಲಿಲ್ಲ. ಆದರೂ ಕಥೆ ನನ್ನನ್ನು ಘೋಸ್ಟ್ (ಮರೆಯಿಂದ ಕೊಲ್ಲುವ ದೆವ್ವ) ಅಂತಲೇ ಕರೆಯಿತು. ಶಿಮುರಾ ನನಗೆ ಬೈದ. ಮುಖ್ಯ ಮಿಷನ್‌ಗಳಲ್ಲಿ ನುಸುಳಿ ಕೊಲ್ಲುವುದು ಕಡ್ಡಾಯ. ವಿಷ ಹಾಕುವ ಮಿಷನ್‌ನಲ್ಲಿ ಬೇಡ ಅನ್ನುವ ಬಟನ್ ಇಲ್ಲ.

ಇಡೀ ಆಟದಲ್ಲಿ ಒಂದೇ ಒಂದು ದೊಡ್ಡ ಆಯ್ಕೆ ನಮ್ಮ ಕೈಗೆ ಬರುತ್ತದೆ. ಕೊನೆಯಲ್ಲಿ, ಮಾವನನ್ನು ಕೊಲ್ಲಬೇಕಾ ಬಿಡಬೇಕಾ ಅಂತ. ಅಲ್ಲಿಯವರೆಗೆ ಒಂದು ನಿರ್ಧಾರವನ್ನೂ ಕೇಳದೆ, ಅಷ್ಟು ದೊಡ್ಡದನ್ನು ತಟ್ಟನೆ ಕೈಗಿಟ್ಟರೆ ಹೇಗೆ? ಆಡುವವನ ಹೋರಾಟದ ರೀತಿಗೆ ತಕ್ಕಂತೆ ಶಿಮುರಾನ ಮಾತುಗಳಾದರೂ ಬದಲಾಗಬೇಕಿತ್ತು.

ಮಂಜಿನ ಮಡಿಕೇರಿ

ಅದನ್ನು ನಾನು ದೋಷ ಅಂತ ನೋಡುವುದಿಲ್ಲ. ಇದು ಜಿನ್‌ನ ಕಥೆ. ನಾವು ಅವನ ಜೊತೆ ನಡೆಯುವವರು. ಎಲ್ಲದಕ್ಕೂ ಆಯ್ಕೆ ಕೊಟ್ಟಿದ್ದರೆ ನನ್ನಂಥವರು ವಿಷವನ್ನೇ ಬಿಟ್ಟು ಒಳ್ಳೆಯವರಾಗಿ ಮುಗಿಸುತ್ತಿದ್ದೆವು. ಸಿದ್ದಾಪುರದವರು ಹೇಳಿದ ಆ ಸಂಕಟ ನಮಗೆ ತಟ್ಟುತ್ತಲೇ ಇರಲಿಲ್ಲ.

ಗೋಣಿಕೊಪ್ಪ ಗೇಮರ್

ಜಿನ್‌ನ ಬಾಲ್ಯದ ಗೆಳೆಯ ರ್ಯೂಜೋ ಬಗ್ಗೆ ಯಾರೂ ಬರೆದಿಲ್ಲವಲ್ಲ. ಇಡೀ ಆಟದಲ್ಲಿ ಅತ್ಯಂತ ಗಟ್ಟಿಯಾದ ಕಾರಣ ಇರುವುದು ಅವನಿಗೆ.

ಅವನ ಹಿಂದೆ ಒಡೆಯರಿಲ್ಲದ ಹೋರಾಟಗಾರರ ಒಂದು ಗುಂಪು ಇದೆ, ಹುಲ್ಲಿನ ಟೋಪಿಯವರು. ಅವರಿಗೆ ಊಟ ಇಲ್ಲ. ಜಿನ್ ಬಂದು ನಿನ್ನ ಜನರನ್ನು ನನ್ನ ಮಾವನನ್ನು ಬಿಡಿಸಲು ಕೊಡು ಅಂತಾನೆ. ಊಟ ಕೊಡಿಸುತ್ತೇನೆ ಅಂತ ಮಾತು ಕೊಡುತ್ತಾನೆ. ಒಂದು ಕಡೆ ಪ್ರಯತ್ನ ಮಾಡಿದರೆ ಊಟವೂ ಸಿಗುವುದಿಲ್ಲ, ಗುಂಪಿನವರೂ ಸಾಯುತ್ತಾರೆ. ಜಿನ್ ತಲೆಗೆ ಖಾನ್ ಬೆಲೆ ಕಟ್ಟಿದ್ದಾನೆ. ಹಸಿದ ಗುಂಪಿನ ನಾಯಕ ಏನು ಮಾಡುತ್ತಾನೆ?

ಚಿಕ್ಕಂದಿನಲ್ಲಿ ಇಬ್ಬರ ನಡುವೆ ನಡೆದ ಸ್ಪರ್ಧೆಯನ್ನೂ ಮರೆಯಬೇಡಿ. ಜಿನ್ ಗೆದ್ದ, ರ್ಯೂಜೋ ಎಲ್ಲರ ಮುಂದೆ ಸೋತ. ಜಿನ್‌ಗೆ ಅದು ಇನ್ನೊಂದು ಗೆಲುವು. ರ್ಯೂಜೋಗೆ ಒಬ್ಬ ಒಡೆಯನ ಸೇವೆಗೆ ಸೇರಲು ಇದ್ದ ಒಂದೇ ಅವಕಾಶ. ಜಿನ್‌ಗೆ ಇದು ಹೊಳೆದೇ ಇರಲಿಲ್ಲ ಅನ್ನುವುದು ನನಗೆ ತುಂಬಾ ಮುಖ್ಯ. ದೊಡ್ಡ ಮನೆಯಲ್ಲಿ ಹುಟ್ಟಿದವನು ಗೌರವದ ಬಗ್ಗೆ ಮಾತಾಡುತ್ತಾನೆ, ಇಲ್ಲದವನು ಅಕ್ಕಿಯ ಬಗ್ಗೆ ಮಾತಾಡುತ್ತಾನೆ. ಶಿಮುರಾ ಸೆರೆಯಲ್ಲಿದ್ದ ಕನೇಡಾ ಕೋಟೆಯಲ್ಲಿ ಅವನು ಖಾನ್ ಕಡೆ ಸೇರಿ ತಿರುಗಿ ನಿಂತಾಗ ನನಗೆ ಸಿಟ್ಟು ಬಂತು, ಆಶ್ಚರ್ಯ ಆಗಲಿಲ್ಲ.

ಆಮೇಲೆ ಜಿನ್‌ನ ಜೊತೆಗಾರ ತಾಕಾನ ಸಾವು. ಅಲ್ಲಿ ಮಾತ್ರ ಕಥೆಯ ಹೆಣಿಗೆ ಸಡಿಲ ಅನ್ನಿಸಿತು. ಜಿನ್ ಖಾನ್ ಕೈಗೆ ಸಿಕ್ಕಿದ್ದಾನೆ, ಕಟ್ಟಿ ಹಾಕಿದ್ದಾರೆ. ಶಿಮುರಾನನ್ನು ಕೊಲ್ಲದೆ ಇಟ್ಟುಕೊಂಡಿದ್ದಕ್ಕೆ ಕಾರಣ ಇದೆ. ಅವನು ಶರಣಾದರೆ ಜಪಾನಿನ ಉಳಿದ ಒಡೆಯರೂ ಬಗ್ಗುತ್ತಾರೆ ಅಂತ ಖಾನ್ ಲೆಕ್ಕ. ಆದರೆ ಜಿನ್? ಅವನು ಬಗ್ಗುವುದಿಲ್ಲ ಅಂತ ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ತಾಕಾ ಕೈಗೆ ಕತ್ತಿ ಕೊಟ್ಟು ಜಿನ್‌ನನ್ನು ಕೊಲ್ಲು ಅಂತಾನೆ. ತಾಕಾ ಖಾನ್ ಮೇಲೆ ನುಗ್ಗಿ ಸಾಯುತ್ತಾನೆ. ಸರಿ, ಅದಾದ ಮೇಲೆ ಖಾನ್ ಜಿನ್‌ನನ್ನು ಅಲ್ಲೇ ಮುಗಿಸದೆ ಬಿಟ್ಟು ಹೋಗುವುದು ಯಾಕೆ? ಕಡಂಗದಂಚು ಅಣ್ಣ, ಓದಿಕೊಂಡು ಬಂದ ಖಳನಾಯಕ ಅಂದಿರಲ್ಲ, ಇದಕ್ಕೆ ಉತ್ತರ ಕೊಡಿ.

ಕಡಂಗದಂಚು

ಜೀವಂತ ಜಿನ್ ಶರಣಾದರೆ ಮಾವನೂ ಶರಣಾಗುತ್ತಾನೆ ಅನ್ನುವ ಆಸೆ ಖಾನ್‌ಗೆ ಕೊನೆಯವರೆಗೂ ಇತ್ತು ಅಂತ ಓದಬಹುದು. ಆದರೂ ಆ ರಾತ್ರಿ ಕಾವಲು ಅಷ್ಟು ಸಡಿಲ ಇಟ್ಟಿದ್ದನ್ನು ನಾನು ಸಮರ್ಥಿಸುವುದಿಲ್ಲ. ತಾಕಾ ಪಾತ್ರ ಮಾತ್ರ ಅಪ್ಪಟ. ಹೆದರಿಕೆಯ ಕಮ್ಮಾರ, ಜಿನ್‌ಗೆ ಗೋಡೆ ಹತ್ತುವ ಕೊಕ್ಕೆ ಮಾಡಿಕೊಟ್ಟವನು, ಕತ್ತಿ ಹಿಡಿದು ಅಭ್ಯಾಸ ಇಲ್ಲದವನು. ಕೈಗೆ ಕತ್ತಿ ಬಂದಾಗ ಅವನು ಯಾರ ಕಡೆ ತಿರುಗಿದ ನೋಡಿ.

ಸುಬೇದಾರರ ಮಗಳು

ತಾಕಾ ಅಕ್ಕ ಯೂನಾ ವಿಷಯಕ್ಕೆ ಬರೋಣ. ಶಿಮುರಾನ ಎಲ್ಲ ಮಾತು ಬಿದ್ದುಹೋಗುವುದು ಅಲ್ಲೇ.

ವಿಷದ ಮರುದಿನ ಅವನು ಜಿನ್‌ಗೆ ಏನು ಹೇಳುತ್ತಾನೆ? ಈ ಕೆಲಸಕ್ಕೆ ಯಾರಾದರೂ ತಲೆ ಕೊಡಬೇಕು, ತಪ್ಪನ್ನು ಆ ಕಳ್ಳತನದ ಯೂನಾಳ ಮೇಲೆ ಹಾಕು, ನೀನು ನನ್ನ ವಾರಸುದಾರನಾಗಿ ಉಳಿ ಅಂತ. ಗೌರವ, ನಿಯಮ, ಎದುರಾಳಿಯ ಕಣ್ಣು ನೋಡಿ ಹೋರಾಡುವುದು ಅಂತ ಚಿಕ್ಕಂದಿನಿಂದ ಪಾಠ ಮಾಡಿದವನು, ಶೋಗುನ್‌ಗೆ (ಜಪಾನನ್ನು ಆಳುವ ಸೇನಾಧಿಪತಿಗೆ) ಸುಳ್ಳು ಹೇಳಲು ತಯಾರಾದ. ತನ್ನ ಅಳಿಯನ ಪ್ರಾಣ ಉಳಿಸಿದ ಹೆಣ್ಣುಮಗಳ ತಲೆ ಕೊಟ್ಟು. ಅವಳು ಆಗಷ್ಟೇ ತಮ್ಮನನ್ನು ಕಳೆದುಕೊಂಡವಳು.

ಕೊಡಗಿನಲ್ಲಿ ಎಲ್ಲರೂ ಕೇಳಿರುವ ಒಂದು ಸಂಗತಿ ಇದೆ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಜೊತೆ ಸೇವೆ ಮಾಡಿದವರು. ಬಿಡುಗಡೆಯ ಮಾತು ಬಂತು. ಉಳಿದ ಕೈದಿಗಳಿಗೆ ಇಲ್ಲದ ರಿಯಾಯಿತಿ ತಮ್ಮ ಮಗನಿಗೂ ಬೇಡ ಅಂದರು ಕಾರ್ಯಪ್ಪ. ನಿಯಮ ಅಂದರೆ ಅದು. ಸ್ವಂತ ಮಗನ ಮೇಲೂ ಒಂದೇ ತೂಕ. ಶಿಮುರಾನ ನಿಯಮ ಯೂನಾಗೆ ಒಂದು, ಜಿನ್‌ಗೆ ಒಂದು.

ಇದನ್ನು ಕಥೆಯ ದೋಷ ಅಂತ ಹೇಳುತ್ತಿಲ್ಲ. ಇದೇ ಕಥೆಯ ಜೀವ. ಜಿನ್ ಆ ಗಳಿಗೆಯಲ್ಲಿ ಆಗಲ್ಲ ಅಂತಾನಲ್ಲ, ವಿಷಕ್ಕಿಂತ ದೊಡ್ಡ ನಿರ್ಧಾರ ಅದು. ತಪ್ಪು ನನ್ನದು ಅಂತ ನಿಂತು ಬಂಧನಕ್ಕೆ ಒಳಗಾದ. ಸಿದ್ದಾಪುರದವರೇ, ವಿಷದ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಅದರ ಹೊಣೆ ಹೊತ್ತವನೂ ಅವನೇ.

ಸಿದ್ದಾಪುರ ರಾತ್ರಿಪಾಳಿ

ಹೊಣೆ ಹೊತ್ತ, ನಿಜ. ಅದಕ್ಕೆ ಅವನ ಮೇಲೆ ಗೌರವ ಇದೆ. ಹೊಣೆ ಹೊತ್ತರೆ ವಿಷದಿಂದ ಸತ್ತ ರೈತರು ಎದ್ದು ಬರುವುದಿಲ್ಲ. ಈ ಮಾತು ನಾನು ಬಿಡುವುದಿಲ್ಲ.

ನಾಪೋಕ್ಲು ಒಕ್ಕ

ಕೊನೆಯ ಆಯ್ಕೆ ಬಗ್ಗೆ ಬರೆಯಲೆಂದೇ ಬಂದೆ. ಜಿನ್ ಕಥೆಯಲ್ಲಿ ಕಳೆದುಕೊಳ್ಳುವ ದೊಡ್ಡ ವಸ್ತು ಯಾವುದು? ತುಂಬಾ ಜನ ಕುದುರೆ ಅಂತಾರೆ. ಅದಕ್ಕೆ ನಾನೂ ಅತ್ತಿದ್ದೇನೆ. ಆದರೆ ನನಗೆ ಎದೆಗೆ ಬಡಿದದ್ದು ಶೋಗುನ್‌ನ ಆಜ್ಞೆ. ಸಕಾಯಿ ಮನೆತನವೇ ಇನ್ನಿಲ್ಲ ಅನ್ನುವ ಆಜ್ಞೆ.

ಒಕ್ಕದ (ಕೊಡವ ಮನೆತನದ) ಹೆಸರು ಹೊತ್ತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಹಿರಿಯರ ಮನೆಯಲ್ಲಿ, ಕೋವಿ, ಒಡಿಕತ್ತಿ ಎಲ್ಲ ಸಾಲಾಗಿ ಇಟ್ಟು ಹೂವಿಟ್ಟು ಪೂಜೆ ಮಾಡುತ್ತೇವೆ. ಆ ಆಯುಧ ಒಬ್ಬನದ್ದಲ್ಲ, ಹಿಂದಿನವರದ್ದು, ಮುಂದಿನವರದ್ದು. ಜಿನ್ ಸೊಂಟದಲ್ಲಿರುವ ಕತ್ತಿಯೂ ಹಾಗೇ, ಸಕಾಯಿಗಳ ಕತ್ತಿ. ಹೆಸರು ಅಳಿಸಿದ ಮೇಲೆ ಅದು ಯಾರದ್ದು?

ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಹೇಳುತ್ತೇನೆ. ಶಿಮುರಾ ಜಿನ್‌ನನ್ನು ದತ್ತು ಮಗನನ್ನಾಗಿ, ವಾರಸುದಾರನನ್ನಾಗಿ ಮಾಡಲು ಶೋಗುನ್‌ಗೆ ಕೇಳಿಕೊಂಡಿದ್ದ. ಜಿನ್ ಸಕಾಯಿಗಳಲ್ಲಿ ಕೊನೆಯವನು. ಅವನು ಶಿಮುರಾ ಮನೆಗೆ ಮಗನಾಗಿ ಹೋದರೆ ಸಕಾಯಿ ದೀಪ ಹಚ್ಚುವವರು ಯಾರು? ಅಂದರೆ ಮಾವನ ಪ್ರೀತಿಯ ದಾರಿಯಲ್ಲಿ ಹೋಗಿದ್ದರೂ ಆ ಮನೆತನ ಕೊನೆಯಾಗುತ್ತಿತ್ತು. ನಮ್ಮಲ್ಲಿ ಒಕ್ಕ ಅಳಿಯಬಾರದು ಅಂತಲೇ ಒಕ್ಕಪರಿಜೆ, ಮಕ್ಕಪರಿಜೆ ಅಂತ ಮದುವೆಯ ಕ್ರಮಗಳು ಇದ್ದವು. ಶಿಮುರಾಗೆ ತನ್ನ ತಂಗಿಯ ಮಗ ಬೇಕಿತ್ತು, ತಂಗಿಯ ಗಂಡನ ಮನೆತನ ಅವನ ಯೋಚನೆಗೇ ಬರಲಿಲ್ಲ.

ಈಗ ಕೊನೆಯ ದೃಶ್ಯ. ಇಬ್ಬರೂ ಸಕಾಯಿಗಳ ಸಮಾಧಿ ಹತ್ತಿರ ಬರುತ್ತಾರೆ. ಕೊಲ್ಲಲೇಬೇಕೆಂಬ ಆಜ್ಞೆ ಮಾವನ ಮೇಲಿದೆ. ಹೋರಾಟದಲ್ಲಿ ಜಿನ್ ಗೆಲ್ಲುತ್ತಾನೆ. ಮಾವ ಯೋಧನ ಸಾವು ಕೇಳುತ್ತಾನೆ. ನಾನು ಕೊಟ್ಟೆ. ಯಾಕೆಂದರೆ ಅವನು ಕೇಳಿದ್ದು ಅದೊಂದೇ. ಇಡೀ ಆಟದಲ್ಲಿ ಜಿನ್ ಅವನ ಒಂದು ಮಾತನ್ನೂ ನಡೆಸಿಕೊಡಲಿಲ್ಲ. ಸಾಕಿದವನ ಕೊನೆಯ ಮಾತನ್ನಾದರೂ ನಡೆಸಬೇಕು ಅನ್ನಿಸಿತು. ಬಿಟ್ಟರೆ ಏನಾಗುತ್ತದೆ ಯೋಚಿಸಿ. ಆಜ್ಞೆ ಪಾಲಿಸದ, ಸೋತ ಒಡೆಯನಾಗಿ ಅವನು ಶೋಗುನ್ ಮುಂದೆ ನಿಲ್ಲಬೇಕು. ಅದು ದಯೆಯಾ?

ಕಡಂಗದಂಚು

ನಾಪೋಕ್ಲು ಅವರೇ, ದತ್ತಿನ ಮಾತು ಇದುವರೆಗೆ ಎಲ್ಲೂ ಓದಿರಲಿಲ್ಲ. ತುಂಬಾ ಸೊಗಸಾಗಿ ಹಿಡಿದಿದ್ದೀರಿ.

ಆದರೆ ನಾನು ಬಿಟ್ಟೆ, ಮತ್ತೆ ಆಡಿದರೂ ಬಿಡುತ್ತೇನೆ. ಶಿಮುರಾ ಕೇಳಿದ ಸಾವು ಅದೇ ಹಳೆಯ ನಿಯಮದ ಸಾವು. ಕೊಮೋಡಾದಲ್ಲಿ ಅದಾಚಿಯನ್ನು ಕೊಂದ ನಿಯಮ. ಸೇತುವೆ ಮೇಲೆ ಸೈನಿಕರನ್ನು ಕೊಂದ ನಿಯಮ. ಜಿನ್ ಕೊಲ್ಲುವುದಾದರೆ ಕೊನೆಯ ಗಳಿಗೆಯಲ್ಲಿ ಅದಕ್ಕೆ ತಲೆ ಬಾಗಿದ ಹಾಗೆ. ಹಾಗಾದರೆ ಅಷ್ಟು ಹಾದಿ ನಡೆದಿದ್ದು ಯಾಕೆ? ಜೊತೆಗೆ ಮಂಗೋಲರು ಇನ್ನೂ ದ್ವೀಪದಲ್ಲಿದ್ದಾರೆ. ಖಾನ್ ಸತ್ತ ಮಾತ್ರಕ್ಕೆ ಎಲ್ಲರೂ ಹಡಗು ಹತ್ತಲಿಲ್ಲ. ಜನರನ್ನು ಕಾಯಲು ಬಲ್ಲ ಒಬ್ಬ ಅನುಭವಿ ಬದುಕಿರಲಿ. ಅವನಿಗೆ ಅವಮಾನ ಆಗುತ್ತದೆ, ಆಗಲಿ. ಅವಮಾನ ಹೊತ್ತು ಕೆಲಸ ಮಾಡುವುದನ್ನು ಅವನೂ ಕಲಿಯಲಿ. ಜಿನ್ ಕಲಿತ, ಯೂನಾ ಹುಟ್ಟಿನಿಂದ ಅದನ್ನೇ ಮಾಡಿಕೊಂಡು ಬಂದವಳು.

ಮಂಜಿನ ಮಡಿಕೇರಿ

ನಾನು ಕೊಂದೆ. ನಾಪೋಕ್ಲು ಹೇಳಿದ ಕಾರಣಕ್ಕೇ. ಹೋರಾಟಕ್ಕೆ ಮುಂಚೆ ಇಬ್ಬರೂ ಕೂತು ಹಾಯ್ಕು (ಜಪಾನಿನ ಪುಟ್ಟ ಕವಿತೆ) ಕಟ್ಟುವುದು ಇದೆಯಲ್ಲ, ಆ ರೂಪ ಬೆಳೆದಿದ್ದು ಆ ಕಾಲಕ್ಕೆ ನೂರಾರು ವರ್ಷ ಆದ ಮೇಲೆ. ಇತಿಹಾಸದ ಲೆಕ್ಕದಲ್ಲಿ ಅದು ಸರಿಯಿಲ್ಲ. ಆದರೂ ಇಟ್ಟಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ಆ ಕತ್ತಿ ಎತ್ತಲು ನನ್ನಿಂದ ಆಗುತ್ತಿರಲಿಲ್ಲ.

ಸುಬೇದಾರರ ಮಗಳು

ಅಪ್ಪನನ್ನು ಕೇಳಿದೆ. ಬಿಡು ಅಂದರು. ಸೋತ ಅಧಿಕಾರಿ ವರದಿ ಬರೆಯಬೇಕು, ಸತ್ತು ತಪ್ಪಿಸಿಕೊಳ್ಳಬಾರದು ಅಂದರು. ನಾನೂ ಬಿಟ್ಟೆ.

ಕುಶಾಲನಗರ ಕನ್ಸೋಲ್

ಇಕಿ ದ್ವೀಪದ ಭಾಗ ಆಡಿದವರು ಎಷ್ಟು ಜನ ಇದ್ದೀರಿ? 2021ರ ಡೈರೆಕ್ಟರ್ಸ್ ಕಟ್‌ನಲ್ಲಿ (ಆಟದ ವಿಸ್ತರಿಸಿದ ಆವೃತ್ತಿ) ಬಂದಿದ್ದು. ಈ ಚರ್ಚೆಗೆ ಅದು ಬೇಕೇ ಬೇಕು. ಜಿನ್‌ನ ಅಪ್ಪ ಕಜುಮಾಸಾ ಆ ದ್ವೀಪದಲ್ಲಿ ಮಾಡಿದ ಕೊಲೆಗಳನ್ನು ಅಲ್ಲಿನ ಜನ ಇನ್ನೂ ಮರೆತಿಲ್ಲ. ಸಕಾಯಿ ಹೆಸರು ಕೇಳಿದರೆ ಉಗಿಯುತ್ತಾರೆ. ಅಂದರೆ ಗೌರವದ ನಿಯಮ ಪಾಲಿಸುತ್ತಿದ್ದ ಸಮುರಾಯ್‌ಗಳೇ, ತಮಗಿಂತ ಕೆಳಗಿನವರು ಅಂದುಕೊಂಡವರ ಮೇಲೆ ಆ ನಿಯಮ ಬಳಸಲಿಲ್ಲ. ಸುಬೇದಾರರ ಮಗಳು ಯೂನಾ ವಿಷಯದಲ್ಲಿ ಹೇಳಿದ್ದು ಅಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಪ್ಪನನ್ನು ಕೊಂದವನು ಜೊತೆಗೇ ಇದ್ದ ತೆಂಜೋ ಅಂತ ಗೊತ್ತಾದಾಗ ಜಿನ್ ಅವನನ್ನು ಕೊಲ್ಲುವುದಿಲ್ಲ.

ನಾಪೋಕ್ಲು ಒಕ್ಕ

ಇಕಿ ಆಡಿಲ್ಲ. ಎರಡನೇ ಭಾಗ ಮುಗಿದ ಮೇಲೆ ಆಡಬೇಕಾ, ಪೂರ್ತಿ ಕಥೆ ಮುಗಿಸಿಯೇ ಆಡಬೇಕಾ? ಹೆಸರು ಉಳಿಸುವ ಬಗ್ಗೆ ಇಷ್ಟು ಬರೆದೆ. ಆ ಹೆಸರು ಏನು ಮಾಡಿತ್ತು ಅಂತ ನೋಡಲೇಬೇಕು.

ಕುಶಾಲನಗರ ಕನ್ಸೋಲ್

ಎರಡನೇ ಭಾಗ ಶುರುವಾದ ಮೇಲೆ ಯಾವಾಗ ಬೇಕಾದರೂ ಹೋಗಬಹುದು. ನನ್ನ ಸಲಹೆ, ವಿಷದ ಮಿಷನ್‌ಗೆ ಮುಂಚೆ ಹೋಗಿ ಬನ್ನಿ. ಆಮೇಲೆ ಶಿಮುರಾ ಕೋಟೆಗೆ ಬಂದಾಗ ಮಾವನ ಪ್ರತಿ ಮಾತೂ ಬೇರೆ ಥರ ಕೇಳಿಸುತ್ತದೆ. ಮುಗಿಸಿ ಬಂದು ಇಲ್ಲೇ ಬರೆಯಿರಿ, ಕಜುಮಾಸಾ ಬಗ್ಗೆ ನನಗೂ ತುಂಬಾ ಹೇಳುವುದಿದೆ.